ಮೀನಿನ ಹೊಂಡಕ್ಕೆ ಗೊಬ್ಬರವೂ ಮೇವೂ

ಹೊಲಕ್ಕೆ ಗೊಬ್ಬರ ಹಾಕುವುದನ್ನು ಎಲ್ಲರೂ ಬಲ್ಲರು. ದನಕ್ಕೆ ಮೇವು ಹಾಕುವುದನ್ನು ಮಕ್ಕಳೂ ಬಲ್ಲರು. ಆದರೆ ನೀರಿಗೆ ಗೊಬ್ಬರ ಹಾಕುವುದುಂಟೆ ಎಂದು ಕೇಳಿದರೆ ನಮ್ಮ ಕಡೆಯ ರೈತರಲ್ಲಿ ಅನೇಕರು ಇಂದಿಗೂ ನಗುವರು. ಹಾಕುವುದುಂಟು. ಹಾಕದಿದ್ದರೆ ಹೊಂಡದ ಮೀನು ಬೆಳೆಯುವುದಿಲ್ಲ. ಅಳತೆ ಮೀರಿ ಹಾಕಿದರೆ ಒಂದೇ ರಾತ್ರಿಯಲ್ಲಿ ಎಲ್ಲ ಮೀನೂ ಸತ್ತು ತೇಲುವುದು. ಈ ಎರಡರ ನಡುವಣ ಹದ ಯಾವುದು, ಅದನ್ನು ಕಂಡುಕೊಳ್ಳುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಷಯ.

ಕಲಾ ಕಾಲೇಜಿನ ವಿದ್ಯಾರ್ಥಿಗೆ ಮೀನಿನ ಮೇವಿನ ಗೊಡವೆ ಏಕೆ ಎಂದು ಗುರುಗಳೂ ಗೆಳೆಯರೂ ಕೇಳಬಹುದು. ನಮ್ಮಲ್ಲಿ ಬಹುಮಂದಿ ಒಕ್ಕಲುತನದ ಮನೆಗಳಿಂದ ಬಂದವರು. ಮುಂಜಾನೆ ಅರ್ಥಶಾಸ್ತ್ರದ ಪಾಠ ಕೇಳಿ ಸಂಜೆ ಊರಿನ ಬಸ್ಸು ಹಿಡಿಯುವವರು. ನಮ್ಮ ಶುಲ್ಕವೂ ಪುಸ್ತಕದ ಹಣವೂ ಬರುವುದು ಹೊಲದಿಂದಲೇ. ಆ ಹೊಲದ ಮೂಲೆಯಲ್ಲಿ ಈಗ ಹೊಸದಾಗಿ ಒಂದು ಹೊಂಡ ಬಂದು ಕುಳಿತಿರುವಾಗ ಅದರ ಮರ್ಮವನ್ನರಿಯುವುದು ನಮಗೆ ಪರಕೀಯ ವಿದ್ಯೆಯಾಗಲಾರದು. ಮೀನು ತಿನ್ನುವವರಿಗೂ ತಿನ್ನದವರಿಗೂ ಇದರಲ್ಲಿ ತಿಳಿಯತಕ್ಕುದುಂಟು. ಏಕೆಂದರೆ ಇದು ಅಡಿಗೆಯ ಮಾತಲ್ಲ, ಬೇಸಾಯದ ಮಾತು.

ನನ್ನ ಊರು ಅಫಜಲಪುರ ತಾಲ್ಲೂಕಿನ ಕರಜಗಿ. ನಮ್ಮ ತಾಲ್ಲೂಕು ಭೀಮಾ ನದಿಯ ಸೀಮೆ, ನಮ್ಮದು ಎರೆಭೂಮಿ, ಜೋಳ, ತೊಗರಿ, ಹತ್ತಿ, ನೀರಿರುವಲ್ಲಿ ಕಬ್ಬು ಇವು ನಮ್ಮ ಬೆಳೆಗಳು. ಮಳೆ ಬಂದರೆ ಒಮ್ಮೆಲೇ ಬಂದು ಹರಿದುಹೋಗುವುದು, ಬಾರದಿದ್ದರೆ ತಿಂಗಳುಗಟ್ಟಲೆ ಮೋಡದತ್ತ ಮುಖ ಮಾಡಿ ಕೂಡುವುದು, ಇದು ನಮ್ಮ ಪಾಡು. ಹರಿದುಹೋಗುವ ನೀರನ್ನು ಹೊಲದಲ್ಲಿಯೇ ಹಿಡಿದಿಡಬೇಕೆಂದು ಸರ್ಕಾರವು 2014ರಲ್ಲಿ ಕೃಷಿಭಾಗ್ಯ ಯೋಜನೆಯನ್ನು ಆರಂಭಿಸಿದ ಮೇಲೆ ನಮ್ಮ ಸೀಮೆಯ ಹೊಲಗಳಲ್ಲಿಯೂ ಕೃಷಿಹೊಂಡಗಳು ಕಾಣಿಸಿಕೊಂಡವು. ಹೊಂಡದ ಮೊದಲ ಉದ್ದೇಶ ಬಾಡುವ ಬೆಳೆಗೆ ಒಂದೆರಡು ನೀರು ಕೊಡುವುದು. ಆದರೆ ಏಳೆಂಟು ತಿಂಗಳು ನಿಲ್ಲುವ ನೀರಿನಲ್ಲಿ ಮೀನನ್ನೂ ಬೆಳೆಸಬಹುದೆಂದು ಕೆಲವರು ಕಂಡುಕೊಂಡರು. ನಮ್ಮ ಕಾಕಾ ಅವರಲ್ಲಿ ಒಬ್ಬರು. ಅವರ ಹೊಂಡದ ಮೇಲ್ಭಾಗ 110 ಅಡಿ ಉದ್ದ, 99 ಅಡಿ ಅಗಲ. ಅಂದರೆ ಸರಿಯಾಗಿ 10 ಗುಂಟೆ. ಆಳ 10 ಅಡಿ. ಮುಂದೆ ನಾನು ಕೊಡುವ ಲೆಕ್ಕಗಳಿಗೆ ಈ ಹೊಂಡವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಮೀನಿಗೆ ಮೇವಿಕ್ಕುವ ವಿದ್ಯೆ ನಮ್ಮ ನಾಡಿಗೆ ತೀರ ಹೊಸತೇನೂ ಅಲ್ಲ. ಈ ಸೀಮೆಯನ್ನಾಳಿದ ಕಲ್ಯಾಣದ ಚಾಲುಕ್ಯರ ದೊರೆ 3ನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಭಾಗವೇ ಇದೆ. ಅದರಲ್ಲಿ ಸುಮಾರು 35 ಬಗೆಯ ಮೀನುಗಳ ವಿವರಣೆಯೂ, ಯಾವ ಮೀನಿಗೆ ಯಾವ ತಿನಿಸು ಹಿತವೆಂಬ ವಿಚಾರವೂ, ಗಾಳ ಹಾಕುವ ಕ್ರಮವೂ ಇವೆ. ಅರಸನಿಗೆ ಅದು ವಿನೋದ; ನಮ್ಮ ರೈತನಿಗೆ ಇದು ಜೀವನೋಪಾಯ. ವಿನೋದದಲ್ಲಿ ತಪ್ಪಿದರೆ ಒಂದು ದಿನದ ಬೇಸರ. ಉಪಜೀವನದಲ್ಲಿ ತಪ್ಪಿದರೆ ಒಂದು ವರ್ಷದ ಸಾಲ. ಆದುದರಿಂದ ನಾವು ಕಲಿಯಬೇಕಾದುದು ಅರಸನಿಗಿಂತ ಹೆಚ್ಚು.

ಮೊದಲು ಮೂಲತತ್ತ್ವವನ್ನು ತಿಳಿಯೋಣ. ಮೀನಿಗೆ ನಾವು ಹಾಕುವ ಹಿಂಡಿ ತೌಡುಗಳು ಎರಡನೆಯ ಊಟ; ಮೊದಲನೆಯ ಊಟ ನೀರಿನಲ್ಲಿಯೇ ಹುಟ್ಟುತ್ತದೆ. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ತೇಲುತ್ತಿರುತ್ತವೆ. ಇವಕ್ಕೆ ಸಸ್ಯಪ್ಲವಕಗಳೆಂದು ಹೆಸರು. ಹೊಲದ ಜೋಳದಂತೆಯೇ ಇವೂ ಬಿಸಿಲನ್ನು ಹೀರಿ, ಸಾರಜನಕ ರಂಜಕಗಳನ್ನು ಉಂಡು ಬೆಳೆಯುತ್ತವೆ. ಇವನ್ನು ತಿಂದು ಬದುಕುವ ಅತಿ ಸಣ್ಣ ಪ್ರಾಣಿಗಳಿವೆ; ಅವು ಪ್ರಾಣಿಪ್ಲವಕಗಳು. ಇವೆರಡನ್ನೂ ತಿಂದು ಮೀನು ಬೆಳೆಯುತ್ತದೆ. ಹೀಗಾಗಿ ಮೀನುಹೊಂಡವೆಂದರೆ ನೀರು ತುಂಬಿದ ಒಂದು ಹೊಲವೇ ಸರಿ. ನಾವು ಗೊಬ್ಬರ ಹಾಕುವುದು ಮೀನಿಗಲ್ಲ, ಆ ಹೊಲದ ಹಸಿರಿಗೆ. ಸಗಣಿ ಹಾಕಿದರೆ ಮೀನು ಸಗಣಿ ತಿಂದು ಬೆಳೆಯುತ್ತದೆ ಎಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ಜೋಳದ ರೊಟ್ಟಿ ತಿನ್ನುವವರು ತಿಪ್ಪೆಗೊಬ್ಬರ ತಿಂದರೆಂದು ಯಾರೂ ಹೇಳುವುದಿಲ್ಲವಷ್ಟೆ!

ಈ ಹೊಲದ ಬೆಳೆಯನ್ನು ಪೂರ್ತಿಯಾಗಿ ಬಳಸಿಕೊಳ್ಳಲು ಒಂದೇ ಜಾತಿಯ ಮೀನು ಸಾಲದು. ನಮ್ಮ ಹಿರಿಯರು ಸಜ್ಜೆಯ ಸಾಲುಗಳ ನಡುವೆ ತೊಗರಿ ಬಿತ್ತಿದುದು ಏತಕ್ಕೆ? ಒಂದರ ಬೇರು ಮೇಲೆ, ಇನ್ನೊಂದರದು ಆಳದಲ್ಲಿ. ಒಂದರ ತುತ್ತನ್ನು ಇನ್ನೊಂದು ಕಸಿಯದು. ನೀರಿನಲ್ಲಿಯೂ ಇದೇ ಉಪಾಯ. ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿದೆ. ಅದು ಮೇಲ್ಪದರದ ಪ್ರಾಣಿಪ್ಲವಕಗಳನ್ನು ತಿನ್ನುತ್ತದೆ. ರೋಹು ನಡುವಣ ನೀರಿನಲ್ಲಿ ಮೇಯುತ್ತದೆ. ಮೃಗಾಲ್ ತಳವನ್ನು ಕೆದಕಿ ಅಲ್ಲಿ ಕೊಳೆತ ಕಸಕಡ್ಡಿಗಳಿಂದ ಹೊಟ್ಟೆ ಹೊರೆಯುತ್ತದೆ. ಕೆಲವರು ಇವುಗಳ ಜೊತೆಗೆ ಸಾಮಾನ್ಯ ಗೆಂಡೆ, ಬೆಳ್ಳಿಗೆಂಡೆ, ಹುಲ್ಲುಗೆಂಡೆಗಳನ್ನೂ ಬಿಡುತ್ತಾರೆ. ಹುಲ್ಲುಗೆಂಡೆ ನೀರಿನ ಕಳೆಯನ್ನೂ ನಾವು ಕೊಯ್ದು ಹಾಕಿದ ಎಳೆಹುಲ್ಲನ್ನೂ ತಿಂದು, ಅದರಲ್ಲಿ ಬಹುಭಾಗವನ್ನು ಅರೆಜೀರ್ಣವಾಗಿಯೇ ಹೊರಹಾಕುವುದರಿಂದ ತಾನೇ ಒಂದು ಗೊಬ್ಬರದ ಕಾರ್ಖಾನೆಯಾಗಿದೆ.

ಈ ಮೀನುಗಳ ಮರಿಗಳು ಇಂದು ಸುಲಭವಾಗಿ ದೊರೆಯುವುದಕ್ಕೂ ಒಂದು ಚರಿತ್ರೆಯಿದೆ. ಕಾಟ್ಲಾ, ರೋಹುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಹಿಂದೆ ಮಳೆಗಾಲದಲ್ಲಿ ಬಂಗಾಳದ ನದಿಗಳಿಂದ ಮರಿಗಳನ್ನು ಹಿಡಿದು ರೈಲಿನಲ್ಲಿ ದೂರ ದೂರಕ್ಕೆ ಸಾಗಿಸುತ್ತಿದ್ದರು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಸೂಜಿಯ ಮೂಲಕ ಕೊಟ್ಟು ಗೆಂಡೆ ಜಾತಿಯ ಮೀನಿನಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಆ ದಿನವನ್ನೇ ನಮ್ಮ ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಆ ಸಾಧನೆಯಿಲ್ಲದಿದ್ದರೆ ಕರಜಗಿಯ ಹೊಂಡಕ್ಕೆ ಗಂಗೆಯ ಮೀನು ಬರುವುದು ಕನಸಿನ ಮಾತಾಗಿತ್ತು.

ಇನ್ನು ಅಳತೆಯ ವಿಷಯ. ಪುಸ್ತಕಗಳಲ್ಲಿ ಎಲ್ಲ ಲೆಕ್ಕವೂ ಹೆಕ್ಟೇರಿಗೆ ಇಷ್ಟೆಂದು ಇರುತ್ತದೆ; ನಮ್ಮ ರೈತರ ಲೆಕ್ಕ ಗುಂಟೆಯದು. ಒಂದು ಹೆಕ್ಟೇರ್ ಹೆಚ್ಚುಕಡಿಮೆ ನೂರು ಗುಂಟೆಗೆ ಸಮ. ಪುಸ್ತಕದ ಅಂಕಿಯನ್ನು ನೂರರಿಂದ ಭಾಗಿಸಿದರೆ ಗುಂಟೆಯ ಲೆಕ್ಕ ಕೈಗೆ ಬರುತ್ತದೆ. ಹೆಕ್ಟೇರಿಗೆ 5,000 ಮರಿಗಳೆಂದರೆ ಗುಂಟೆಗೆ 50. ಕಾಕಾನ ಹೊಂಡಕ್ಕೆ 500. ಮೂರೇ ಜಾತಿಯಾದರೆ 200 ಕಾಟ್ಲಾ, 150 ರೋಹು, 150 ಮೃಗಾಲ್. ಸಗಣಿ ಹೆಕ್ಟೇರಿಗೆ ವರ್ಷಕ್ಕೆ 10,000 ಕಿಲೋ. ಗುಂಟೆಗೆ 100 ಕಿಲೋ. ಈ ಹೊಂಡಕ್ಕೆ 1,000 ಕಿಲೋ. ಯೂರಿಯಾ ಹೆಕ್ಟೇರಿಗೆ 200 ಕಿಲೋ, ಸೂಪರ್ ಫಾಸ್ಫೇಟ್ 300 ಕಿಲೋ. ಈ ಹೊಂಡಕ್ಕೆ ಕ್ರಮವಾಗಿ 20 ಮತ್ತು 30 ಕಿಲೋ. ಇವು ವರ್ಷದ ಲೆಕ್ಕ, ಒಂದು ದಿನದ್ದಲ್ಲ. ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವುಂಟು; ಅದು ಮುಂದೆ ತಿಳಿದುಬರುವುದು.

ಸಗಣಿಯ ಐದನೆಯ ಒಂದು ಪಾಲನ್ನು, ಅಂದರೆ 200 ಕಿಲೋವನ್ನು, ಮರಿ ಬಿಡುವುದಕ್ಕೆ 15 ದಿನ ಮೊದಲೇ ಹಾಕಬೇಕು. ಆ 15 ದಿನಗಳಲ್ಲಿ ನೀರು ಹಸಿರಾಗಿ, ಬರುವ ಅತಿಥಿಗಳಿಗೆ ಊಟ ಸಿದ್ಧವಾಗಿರುತ್ತದೆ. ಉಳಿದ 800 ಕಿಲೋವನ್ನು ಎಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ 100 ಕಿಲೋ. ಇದನ್ನೂ 15 ದಿನಕ್ಕೊಮ್ಮೆ 50 ಕಿಲೋದಂತೆ ಎರಡು ಕಂತಿನಲ್ಲಿ ಹಾಕುವುದು ಲೇಸು. ನಮ್ಮ ಕಾಕಾ ಸಗಣಿಯನ್ನು ನೀರಿನಲ್ಲಿ ಕಲಸಿ ತೆಳ್ಳಗೆ ಮಾಡಿ, ಬಿಸಿಲೇರಿದ ಮೇಲೆ, ದಂಡೆಯ ಸುತ್ತಲೂ ಚೆಲ್ಲುತ್ತಾರೆ. ರಾಶಿಯಾಗಿ ಒಂದೇ ಕಡೆ ಸುರಿದರೆ ಅದು ತಳದಲ್ಲಿ ಕುಳಿತು ಕೊಳೆತು ಕೆಟ್ಟ ವಾಯುವನ್ನು ಬಿಡುತ್ತದೆ. ಯೂರಿಯಾ ಮತ್ತು ಸೂಪರ್ ಫಾಸ್ಫೇಟನ್ನು ಸಗಣಿ ಹಾಕಿದ ದಿನವೇ ಹಾಕದೆ, ನಡುವಿನ ವಾರದಲ್ಲಿ ಹಾಕುತ್ತಾರೆ. ತಿಂಗಳಿಗೆ ಎರಡು ಕಿಲೋ ಯೂರಿಯಾ, ಮೂರು ಕಿಲೋ ಸೂಪರ್, ಅದಕ್ಕಿಂತ ಹೆಚ್ಚಿಲ್ಲ.

ಇಲ್ಲಿ ಒಂದು ಮಾತು. ಕರಾವಳಿ ಮಲೆನಾಡುಗಳ ಹುಳಿಮಣ್ಣಿಗೆ ಹೇಳಿದ ಉಪಚಾರವೆಲ್ಲ ನಮ್ಮ ಎರೆಮಣ್ಣಿಗೆ ಒಪ್ಪುವುದಿಲ್ಲ. ಎಲ್ಲ ಕೈಪಿಡಿಗಳಲ್ಲಿಯೂ ಮೊದಲ ಹೆಜ್ಜೆಯಾಗಿ ಸುಣ್ಣ ಹಾಕಿರೆಂದು ಬರೆದಿರುತ್ತದೆ. ಸುಣ್ಣ ಹಾಕುವುದು ಮಣ್ಣಿನ ಹುಳಿಯನ್ನು ತೆಗೆಯುವುದಕ್ಕಾಗಿ. ನಮ್ಮ ಎರೆಮಣ್ಣು ಸಾಮಾನ್ಯವಾಗಿ ಕ್ಷಾರಗುಣದ್ದು. ಸುಣ್ಣದ ಅಂಶ ಅದರಲ್ಲಿ ಮೊದಲೇ ತುಂಬಿರುತ್ತದೆ. ಇದ್ದುದಕ್ಕೆ ಮತ್ತೆ ಹಾಕಿದರೆ ಹಣ ಹೋಗುವುದಲ್ಲದೆ ಬೇರೆ ಹಾನಿಯೂ ಉಂಟು. ಕ್ಷಾರ ಹೆಚ್ಚಿದಂತೆ, ಬಿಸಿಲು ಹೆಚ್ಚಿದಂತೆ, ಸಗಣಿ ಯೂರಿಯಾಗಳಿಂದ ಹುಟ್ಟುವ ಅಮೋನಿಯಾ ಮೀನಿಗೆ ಹೆಚ್ಚು ವಿಷವಾಗುತ್ತದೆ. ನಮ್ಮಲ್ಲಿ ಕ್ಷಾರವೂ ಇದೆ, ಬಿಸಿಲಂತೂ ಕೇಳಲೇಬೇಕಾಗಿಲ್ಲ. ಆದುದರಿಂದ ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸದೆ ಸುಣ್ಣದ ಚೀಲ ಬಿಚ್ಚಬಾರದು. ಯೂರಿಯಾವನ್ನು ಪುಸ್ತಕದ ಅಳತೆಗಿಂತ ಕಡಿಮೆಯಿಂದಲೇ ಆರಂಭಿಸಬೇಕು.

ರಂಜಕದ ವಿಷಯದಲ್ಲಿಯೂ ಎರೆಮಣ್ಣಿನ ಸ್ವಭಾವ ಬೇರೆ. ಸುಣ್ಣದಂಶದ ನೀರಿಗೆ ಸೂಪರ್ ಫಾಸ್ಫೇಟ್ ಬಿದ್ದರೆ ಅದರ ರಂಜಕವು ಸುಣ್ಣದೊಡನೆ ಸೇರಿ ಗಟ್ಟಿಯಾಗಿ ತಳಕ್ಕಿಳಿಯುತ್ತದೆ. ಜೇಡಿಯೂ ಅದನ್ನು ಹಿಡಿದುಕೊಳ್ಳುತ್ತದೆ. ಒಮ್ಮೆಲೇ ಸುರಿದ ಮೂವತ್ತು ಕಿಲೋದಲ್ಲಿ ಹೆಚ್ಚಿನ ಪಾಲು ಕೆಸರಿನ ಪಾಲಾಗುವುದು. ಹರಳನ್ನು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಬೆಳಿಗ್ಗೆ ಆ ನೀರನ್ನು ಮೇಲ್ಮೈಯಲ್ಲಿ ಚಿಮುಕಿಸಿದರೆ, ಅದು ಕೆಳಗಿಳಿಯುವ ಮೊದಲೇ ಸಸ್ಯಪ್ಲವಕಗಳು ಹೀರಿಕೊಳ್ಳುತ್ತವೆ. ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ಕೊಡುವುದೇ ಇಲ್ಲಿಯ ಸೂತ್ರ.

ಎರೆಹೊಂಡದ ಇನ್ನೊಂದು ತೊಡಕು ರಾಡಿ. ಎರೆಮಣ್ಣು ನೀರನ್ನು ಚೆನ್ನಾಗಿ ಹಿಡಿಯುವುದು ದೊಡ್ಡ ಗುಣವಾದರೂ, ಅದರ ನುಣುಪಾದ ಕಣಗಳು ದಿನಗಟ್ಟಲೆ ನೀರಿನಲ್ಲಿ ತೇಲುವುದುಂಟು. ರಾಡಿ ನೀರಿನೊಳಗೆ ಬಿಸಿಲು ಇಳಿಯದು. ಬಿಸಿಲಿಲ್ಲದೆ ಎಷ್ಟು ಗೊಬ್ಬರ ಹಾಕಿದರೂ ಹಸಿರು ಹುಟ್ಟದು. ಅದಕ್ಕೆ ದಂಡೆಯ ಮೇಲೆ ಗರಿಕೆ ಬೆಳೆಸಬೇಕು. ಹೊಲದ ನೀರು ನೇರವಾಗಿ ಹೊಂಡಕ್ಕೆ ಬೀಳದಂತೆ, ಬಾಯಿಯ ಬಳಿ ಒಂದು ಸಣ್ಣ ಗುಂಡಿ ತೋಡಿ ಹೂಳು ಅಲ್ಲಿಯೇ ನಿಲ್ಲುವಂತೆ ಮಾಡಬೇಕು. ದೊಡ್ಡ ಮಳೆಯ ಮುನ್ಸೂಚನೆಯಿದ್ದಾಗ ಗೊಬ್ಬರ ಹಾಕಲಾಗದು. ಕೋಡಿ ಹರಿದರೆ ಗೊಬ್ಬರವೂ ಹರಿಯುವುದು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ನಮ್ಮ ತಾಲ್ಲೂಕಿನ ನದಿತೀರದ ಊರುಗಳನ್ನು ಮುಳುಗಿಸಿದುದನ್ನು ಯಾರೂ ಮರೆತಿಲ್ಲ. ನದಿಯ ಪ್ರವಾಹ ಏರುವ ತಗ್ಗಿನಲ್ಲಿ ಮೀನುಹೊಂಡ ಮಾಡುವುದೇ ತರವಲ್ಲ.

ಗೊಬ್ಬರ ಸಾಕಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ವಿಜ್ಞಾನಿಗಳು 20 ಸೆಂಟಿಮೀಟರ್ ಅಗಲದ ಕಪ್ಪು ಬಿಳುಪು ಬಿಲ್ಲೆಯೊಂದನ್ನು ದಾರ ಕಟ್ಟಿ ನೀರಿಗಿಳಿಸಿ, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುವುದೆಂದು ನೋಡುತ್ತಾರೆ. ಅದಕ್ಕೆ ಸೆಕ್ಕಿ ಬಿಲ್ಲೆಯೆಂದು ಹೆಸರು. 25ರಿಂದ 40 ಸೆಂಟಿಮೀಟರ್ ಆಳದಲ್ಲಿ ಮರೆಯಾದರೆ ಹದ ಸರಿ. ಬಿಲ್ಲೆಯಿಲ್ಲದವರಿಗೆ ದೇವರು ಕೊಟ್ಟ ಅಳತೆಗೋಲು ಮೊಳಕೈ. ನೀರಿನಲ್ಲಿ ಮೊಳಕೈವರೆಗೆ ಕೈಯಿಳಿಸಿ ಅಂಗೈಯನ್ನು ನೋಡಬೇಕು. ಅಂಗೈ ಸ್ವಚ್ಛವಾಗಿ ಕಂಡರೆ ನೀರು ಬಡವಾಗಿದೆ, ಗೊಬ್ಬರ ಬೇಕು. ಮೊಳಕೈ ಮುಳುಗುವ ಹೊತ್ತಿಗೆ ಅಂಗೈ ಮರೆಯಾದರೆ ಹದ ಬಂದಿದೆ. ಮಣಿಕಟ್ಟು ಮುಳುಗಿದೊಡನೆಯೇ ಬೆರಳು ಕಾಣದಾದರೆ ಹೆಚ್ಚಾಗಿದೆ, ಗೊಬ್ಬರ ನಿಲ್ಲಿಸಬೇಕು. ಆದರೆ ಬಣ್ಣವನ್ನು ನೋಡದೆ ಈ ಪರೀಕ್ಷೆಯನ್ನು ನಂಬಬಾರದು. ಮಳೆಯ ಮರುದಿನ ಅಂಗೈಯನ್ನು ಮರೆಸುವುದು ಹಸಿರಲ್ಲ, ರಾಡಿ. ನೀರು ಹೆಸರುಕಾಳಿನ ಬಣ್ಣಕ್ಕಿದ್ದರೆ ಒಳ್ಳೆಯದು. ಕಡುಹಸಿರಾಗಿ ಮೇಲೆ ಕೆನೆ ಕಟ್ಟಿದಂತಾದರೆ ಅಪಾಯದ ಗುರುತು.

ಈಗ ಎರಡನೆಯ ಊಟಕ್ಕೆ ಬರೋಣ. ಶೇಂಗಾಹಿಂಡಿ ಮತ್ತು ಅಕ್ಕಿತೌಡು ಸಮಪಾಲು, ಇದು ಎಲ್ಲೆಡೆ ಬಳಕೆಯಲ್ಲಿರುವ ಮಿಶ್ರಣ. ನಮ್ಮ ಸೀಮೆಯಲ್ಲಿ ಶೇಂಗಾಹಿಂಡಿ ಸಿಗುವುದು ಕಷ್ಟವಲ್ಲ; ತೌಡು ಮಾತ್ರ ಭತ್ತದ ನಾಡಿನಿಂದ ಬರಬೇಕು. ಕಲಬುರಗಿಯ ಬೇಳೆ ಗಿರಣಿಗಳಲ್ಲಿ ತೊಗರಿನುಚ್ಚು ಧಾರಾಳವಾಗಿರುವುದರಿಂದ ಕಾಕಾ ತೌಡಿನ ಒಂದು ಪಾಲಿನ ಬದಲಿಗೆ ಅದನ್ನು ಕುದಿಸಿ ಬೆರೆಸುತ್ತಾರೆ. ಕುದಿಸುವುದೇಕೆಂದರೆ, ಹಸಿ ಕಾಳಿನಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಪದಾರ್ಥಗಳಿರುತ್ತವೆ. ಕಾವಿನಿಂದ ಅವು ಅಳಿಯುತ್ತವೆ. ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷಾಂಶವಿರುವುದರಿಂದ ಅದು ಎಮ್ಮೆಗಿರಲಿ, ಮೀನಿಗೆ ಬೇಡ. ಮುಗ್ಗಿದ ಶೇಂಗಾಹಿಂಡಿಯನ್ನಂತೂ ಮುಟ್ಟಲೇಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿ ನೋಡಿದಾಗ ಅವಕ್ಕೆ ಹಾಕಿದ ಶೇಂಗಾಹಿಂಡಿಯ ಬೂಸುರೇ ಕಾರಣವೆಂದು ತಿಳಿಯಿತು. ಆ ಬೂಸುರಿನ ವಿಷವೇ ಅಫ್ಲಾಟಾಕ್ಸಿನ್. ಅಗ್ಗಕ್ಕೆ ಸಿಕ್ಕಿತೆಂದು ತಂದ ಮುಗ್ಗಿದ ಹಿಂಡಿ ಅಗ್ಗವಲ್ಲ.

ಎಷ್ಟು ಹಾಕಬೇಕೆಂಬುದಕ್ಕೆ ಕಣ್ಣಂದಾಜು ಸಾಲದು. ಮರಿ ಬಿಟ್ಟ ಮೊದಲ ತಿಂಗಳು ಒಟ್ಟು ಮೀನಿನ ತೂಕದ ನೂರಕ್ಕೆ ಐದು ಪಾಲು, ಮುಂದೆ ಇಳಿಸುತ್ತ ಬಂದು ನೂರಕ್ಕೆ ಎರಡು. ಒಟ್ಟು ತೂಕ ತಿಳಿಯುವ ಬಗೆ ಹೀಗೆ: ತಿಂಗಳಿಗೊಮ್ಮೆ ಬಲೆ ಬೀಸಿ ಹತ್ತು ಮೀನು ಹಿಡಿದು ತೂಗಬೇಕು. ಡಿಸೆಂಬರಿನಲ್ಲಿ ಹತ್ತು ಮೀನು ಎರಡು ಕಿಲೋ ತೂಗಿದವೆನ್ನಿ. ಒಂದಕ್ಕೆ 200 ಗ್ರಾಂ. ಬಿಟ್ಟ 500ರಲ್ಲಿ 450 ಉಳಿದಿವೆಯೆಂದು ಹಿಡಿದರೆ ಒಟ್ಟು 90 ಕಿಲೋ. ಅದರ ನೂರಕ್ಕೆ ಎರಡು ಪಾಲೆಂದರೆ ದಿನಕ್ಕೆ ಒಂದು ಕಿಲೋ 800 ಗ್ರಾಂ. ಇದನ್ನು ಮುದ್ದೆ ಮಾಡಿ ಬುಟ್ಟಿಯಲ್ಲಿಟ್ಟು ಇಳಿಸಬಹುದು. ಅಥವಾ ಆಂಧ್ರದ ಮೀನು ಬೆಳೆಗಾರರಂತೆ, ತಳದಲ್ಲಿ ತೂತು ಮಾಡಿದ ಚೀಲದಲ್ಲಿ ತುಂಬಿ ಗೂಟಕ್ಕೆ ಕಟ್ಟಬಹುದು. ಮೀನುಗಳು ತೂತಿಗೆ ಬಾಯಿಟ್ಟು ಬೇಕಾದಷ್ಟು ಎಳೆದುಕೊಳ್ಳುತ್ತವೆ. ಪ್ರತಿದಿನ ಅದೇ ಹೊತ್ತು, ಅದೇ ಜಾಗ. ಎರಡು ತಾಸಿನ ಮೇಲೆ ಬುಟ್ಟಿ ಎತ್ತಿ ನೋಡಿದಾಗ ಉಳಿದಿದ್ದರೆ ಮರುದಿನ ಕಡಿಮೆ ಮಾಡಬೇಕು. ಚಳಿಯಲ್ಲಿ ಮೀನು ಕಡಿಮೆ ತಿನ್ನುತ್ತದೆ. ಮೋಡ ಕವಿದ ದಿನ ಮೇವು ಬೇಡ.

ಮೋಡ ಕವಿದ ದಿನವೇಕೆ ಬೇಡ? ಇದರಲ್ಲಿಯೇ ಇಡೀ ವಿದ್ಯೆಯ ಗುಟ್ಟಿದೆ. ನೀರಿನ ಹಸಿರು ಹಗಲು ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ; ರಾತ್ರಿ ತಾನೂ ಉಸಿರಾಡಿ ಅದನ್ನೇ ಕರಗಿಸುತ್ತದೆ. ಮೀನೂ ಉಸಿರಾಡುತ್ತದೆ, ಕೊಳೆಯುವ ಸಗಣಿಯೂ, ಉಳಿದ ಹಿಂಡಿಯೂ ಆಮ್ಲಜನಕವನ್ನು ಸೆಳೆಯುತ್ತವೆ. ಆದುದರಿಂದ ಹೊಂಡದಲ್ಲಿ ಆಮ್ಲಜನಕ ಅತಿ ಕಡಿಮೆಯಾಗುವ ಹೊತ್ತು ನಸುಕು. ಅದರ ಮೇಲೆ, ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಮೀನಿಗೆ ಸುಖವಾಗಿರಲು 5 ಬೇಕು. ಮೋಡದ ದಿನ ಹಗಲಿನ ಗಳಿಕೆ ಕಡಿಮೆ, ರಾತ್ರಿಯ ಖರ್ಚು ಮಾತ್ರ ಹಾಗೆಯೇ. ಗಳಿಕೆಯಿಲ್ಲದ ದಿನ ಮನೆಗೆ ನೆಂಟರನ್ನು ಕರೆದಂತೆ, ಮೋಡದ ದಿನ ಗೊಬ್ಬರ ಮೇವು ಹಾಕುವುದು.

ನೆರೆಯ ಊರಿನ ರೈತರೊಬ್ಬರಿಗೆ ಎಂಟು ಗುಂಟೆಯ ಹೊಂಡವಿತ್ತು. ಮಾರುವ ಮೊದಲು ಮೀನು ಇನ್ನಷ್ಟು ತೂಗಲೆಂದು, ಹೋಳಿಯ ಮುಂಚೆ, ಅವರು ಎರಡು ಬಂಡಿ ಹಸಿಸಗಣಿಯನ್ನು ಒಂದೇ ದಿನ ಹೊಂಡಕ್ಕೆ ಹಾಕಿಸಿದರು; ಹಿಂಡಿಯನ್ನೂ ಹೆಚ್ಚಿಸಿದರು. ವರ್ಷಕ್ಕೆ ಹಾಕಬೇಕಾದ ಗೊಬ್ಬರ ಒಂದು ದಿನಕ್ಕೆ ಬಿತ್ತು. ಎರಡು ದಿನ ಕಾವು ಹೆಚ್ಚಾಗಿ, ಮೂರನೆಯ ದಿನ ಅಕಾಲದ ಮೋಡ ಕವಿಯಿತು. ಮರುದಿನ ನಸುಕಿನಲ್ಲಿ ಹೋಗಿ ನೋಡಿದರೆ ನೀರಿನ ಮೇಲೆ ಬಿಳಿಯ ಹೊಟ್ಟೆಗಳು. ನಾನು ಕಾಕಾನೊಡನೆ ಅಲ್ಲಿಗೆ ಹೋದಾಗ ಅವರು ದಂಡೆಯ ಮೇಲೆ ಕುಳಿತಿದ್ದರು. “ನಾ ಏನ್ ಕಮ್ಮಿ ಮಾಡೀನ್ರಿ? ಎರಡು ಬಂಡಿ ಹೆಂಡಿ ಹಾಕೀನಿ, ಹಿಂಡಿ ಹಾಕೀನಿ” ಎಂದರು. ಕಾಕಾ ಬಹಳ ಹೊತ್ತು ಸುಮ್ಮನಿದ್ದು, “ಕಮ್ಮಿ ಮಾಡಿಲ್ಲ ಅಣ್ಣಾ, ಜಾಸ್ತಿ ಆಗ್ಯಾದ” ಎಂದರು. ಆ ಮನೆಯ ಮಗಳೊಬ್ಬಳ ಕಾಲೇಜು ಶುಲ್ಕವೂ ಆ ಮೀನಿನ ಲೆಕ್ಕದಲ್ಲಿತ್ತೆಂದು ಅನಂತರ ತಿಳಿಯಿತು.

ಅರ್ಥಶಾಸ್ತ್ರದಲ್ಲಿ ನಾವು ಇಳಿಮುಖ ಪ್ರತಿಫಲದ ನಿಯಮವನ್ನು ಓದುತ್ತೇವೆ. ಒಂದೇ ಹೊಲಕ್ಕೆ ಗೊಬ್ಬರವನ್ನು ಹೆಚ್ಚಿಸುತ್ತ ಹೋದರೆ ಪ್ರತಿಯೊಂದು ಹೆಚ್ಚಿನ ಚೀಲದಿಂದ ಬರುವ ಫಲ ಕಡಿಮೆಯಾಗುತ್ತ ಬರುತ್ತದೆ ಎಂದು. ಹೊಲದಲ್ಲಿ ಈ ಇಳಿತ ನಿಧಾನ; ರೈತನಿಗೆ ತಿದ್ದಿಕೊಳ್ಳಲು ಕಾಲವಿರುತ್ತದೆ. ನೀರಿನಲ್ಲಿ ಹಾಗಲ್ಲ. ಒಂದು ಗೆರೆಯವರೆಗೆ ಫಲ ಏರುತ್ತದೆ. ಗೆರೆ ದಾಟಿದರೆ ಇಳಿಯುವುದಿಲ್ಲ, ಒಮ್ಮೆಲೇ ಬೀಳುತ್ತದೆ. ಆ ಗೆರೆಯೋ ದಿನದ ಬಿಸಿಲು, ನೀರಿನ ಆಳ, ಮೀನಿನ ತೂಕ ಇವುಗಳೊಡನೆ ಸರಿದಾಡುತ್ತಿರುತ್ತದೆ. ಅಂತಹ ವಿಪತ್ತಿನ ಮೊದಲ ಗುರುತೆಂದರೆ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುವುದು. ಆಗ ಮೇವು ಗೊಬ್ಬರಗಳನ್ನು ಕೂಡಲೇ ನಿಲ್ಲಿಸಿ, ಬಾವಿಯ ಹೊಸ ನೀರು ಬಿಡಬೇಕು. ಅದಿಲ್ಲದಿದ್ದರೆ ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಎತ್ತರದಿಂದ ಹೊಂಡಕ್ಕೇ ಚಿಮ್ಮಿಸಬೇಕು. ಏನೂ ಇಲ್ಲದಿದ್ದರೆ ಬಿದಿರಿನಿಂದ ನೀರನ್ನು ಬಡಿಯುವುದೂ ಉಪಕಾರಿ.

ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ಸಂಕಟವಿದೆ. ತೊಗರಿ ಹೂವು ಕಾಯಿ ಕಟ್ಟುವ ಹೊತ್ತಿಗೆ ಹೊಂಡದ ನೀರು ಹೊಲಕ್ಕೆ ಬೇಕು. ನೀರು ಕೊಡದಿದ್ದರೆ ತೊಗರಿ ಹೋಯಿತು. ಕೊಟ್ಟರೆ ಮೀನಿಗೆ ಇಕ್ಕಟ್ಟು. ಕಾಕಾನ ಹೊಂಡದ ದಂಡೆಗಳು ಅಡಿ ಆಳಕ್ಕೆ ಒಂದೂವರೆ ಅಡಿಯಂತೆ ಇಳಿಜಾರಾಗಿವೆ. ನಾನು ಲೆಕ್ಕ ಹಾಕಿ ನೋಡಿದೆ. ನೀರು 10 ಅಡಿಯಿಂದ 3 ಅಡಿಗೆ ಇಳಿದಾಗ, ದಂಡೆಯಲ್ಲಿ ನಿಂತವನ ಕಣ್ಣಿಗೆ ಮೇಲ್ಮೈಯ ಸುಮಾರು ಮೂರನೆಯ ಎರಡು ಪಾಲು ಇನ್ನೂ ಉಳಿದಂತೆ ಕಾಣುತ್ತದೆ. ನಿಜವಾಗಿ ಉಳಿದ ನೀರು ಕಾಲು ಪಾಲಿಗಿಂತಲೂ ಕಡಿಮೆ. ತೋಡಿದ ಗುಂಡಿಯ ಅಳತೆಗೆ ಗೊಬ್ಬರ ಹಾಕುವವನು ಆಗ ನಾಲ್ಕು ಪಟ್ಟು ಗಟ್ಟಿಯಾದ ಕಷಾಯವನ್ನು ಮೀನಿಗೆ ಕುಡಿಸಿದಂತಾಗುತ್ತದೆ. ಹೊಂಡಕ್ಕಲ್ಲ, ಇಂದು ಇರುವ ನೀರಿಗೆ ಲೆಕ್ಕ ಹಾಕಬೇಕು. ತೊಗರಿಗೆ ನೀರು ಬಿಟ್ಟ ದಿನದಿಂದಲೇ ಸಗಣಿ ಯೂರಿಯಾಗಳನ್ನು ಇಳಿಸಿ, ದೊಡ್ಡ ಮೀನುಗಳನ್ನು ಮೊದಲೇ ಹಿಡಿದು ಮಾರಿ, ಉಳಿದವಕ್ಕೆ ನಾಲ್ಕಡಿ ನೀರಾದರೂ ಇರುವಂತೆ ನೋಡಿಕೊಳ್ಳುವುದೇ ಇದಕ್ಕೆ ಪರಿಹಾರ. ಹೊಲಕ್ಕೆ ಹೋದ ಆ ಹಸಿರುನೀರು ಬರಿಯ ನೀರಲ್ಲ, ಗೊಬ್ಬರದ ನೀರು. ಮೀನಿಗಾದ ನಷ್ಟದಲ್ಲಿ ಸ್ವಲ್ಪ ತೊಗರಿಗೆ ಲಾಭವಾಗಿಯೇ ಸೇರುತ್ತದೆ. ಬೇಸಿಗೆಯಲ್ಲಿ ಹೊಂಡ ಬತ್ತಿದ ಮೇಲೆ ತಳದ ಹೂಳನ್ನು ಹೊಲಕ್ಕೆ ಹರಡಿದರೆ ಉಳಿದುದೂ ಮಣ್ಣಿಗೆ ಸಲ್ಲುವುದು.

ಹೀಗೆ ಆಗಸ್ಟಿನಲ್ಲಿ ಮರಿ ಬಿಟ್ಟು ಮಾರ್ಚ್ ಏಪ್ರಿಲ್ ವೇಳೆಗೆ ಹಿಡಿದರೆ ಒಂದೊಂದು ಮೀನು ಅರ್ಧ ಕಿಲೋದ ಆಸುಪಾಸಿಗೆ ಬರುವುದು. ನಾಲ್ಕುನೂರು ಉಳಿದರೂ ಇನ್ನೂರು ಕಿಲೋ. ಇದರಿಂದ ಯಾರೂ ಸಾಹುಕಾರರಾಗುವುದಿಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ತೊಗರಿಯ ಪಕ್ಕದಲ್ಲಿ ಇನ್ನೊಂದು ಆಸರೆ ಇರುವುದು ಸಣ್ಣ ಮಾತಲ್ಲ.

ಕೊನೆಯದಾಗಿ ನನ್ನ ಸಹಪಾಠಿಗಳಲ್ಲಿ ಒಂದು ವಿಜ್ಞಾಪನೆ. ನಮ್ಮ ಹಿರಿಯರಿಗೆ ಕಣ್ಣಿದೆ, ಕೈಯಿದೆ, ಅನುಭವವಿದೆ. ಇಲ್ಲದಿರುವುದು ಬರೆದಿಟ್ಟ ಲೆಕ್ಕ. ಎರಡು ರೂಲುಗೆರೆಯ ಒಂದು ಹಳೆಯ ನೋಟುಬುಕ್ಕು ಸಾಕು. ತಾರೀಖು, ನೀರಿನ ಆಳ, ನೀರಿನ ಬಣ್ಣ, ಅಂಗೈ ಎಲ್ಲಿ ಮರೆಯಾಯಿತು, ಎಷ್ಟು ಸಗಣಿ, ಎಷ್ಟು ಹಿಂಡಿ, ಆಕಾಶ ಹೇಗಿತ್ತು, ನಸುಕಿನಲ್ಲಿ ಮೀನು ಮೇಲೆ ಬಂದುವೇ ಎಂದು ದಿನಕ್ಕೊಂದು ಸಾಲು ಬರೆದರೆ ಆಯಿತು. ಒಂದು ವರ್ಷದ ಪುಟಗಳನ್ನು ಕೂಡಿಸಿ ನೋಡಿದಾಗ ನಿಮ್ಮ ಹೊಂಡದ ಗೆರೆ ಎಲ್ಲಿದೆಯೆಂದು ಅದೇ ಹೇಳುತ್ತದೆ. ಯಾವ ಕೈಪಿಡಿಯೂ ಅದನ್ನು ಹೇಳಲಾರದು. ಮನೆಯಲ್ಲಿ ಓದಿದ ಮಗನೋ ಮಗಳೋ ಇರುವುದರ ಪ್ರಯೋಜನ ಹೊಂಡಕ್ಕೆ ಆಗಬೇಕಾದುದು ಹೀಗೆಯೇ. ಈ ವರ್ಷ ಹೊಂಡವಿರುವ ಗೆಳೆಯರು ಅಂತಹ ನೋಟುಬುಕ್ಕೊಂದನ್ನು ಇಟ್ಟರೆ ಮುಂದಿನ ಸಂಚಿಕೆಯಲ್ಲಿ ನಾವು ಪರಸ್ಪರ ಹೋಲಿಸಿ ನೋಡಬಹುದು.